ನಂದಾದೇವಿ: ಹತ್ತಲಾಗದ ಶಿಖರವನ್ನು ನೋಡಿಬರಲು

ಮೊದಲೇ ಹೇಳಿಬಿಡುತ್ತೇನೆ, ನಂದಾದೇವಿಯ ಬುಡಕ್ಕೆ ನಿಮ್ಮನ್ನು ಬಿಡುವುದಿಲ್ಲ. ಉತ್ತರಾಖಂಡದ ಚಮೋಲಿಯಲ್ಲಿರುವ 7,816 ಮೀಟರ್ ಎತ್ತರದ ಈ ಶಿಖರದ ಒಳಕಣಿವೆಯನ್ನು 1980ರ ದಶಕದ ಆರಂಭದಲ್ಲೇ ಮುಚ್ಚಲಾಯಿತು. ತಂಡಗಳು ಎಸೆದ ಕಸ, ಸೌದೆಗೆ ಕಡಿದ ಮರ, ಕಸ್ತೂರಿ ಮೃಗದ ಬೇಟೆ, ಎಲ್ಲವೂ ಮಿತಿಮೀರಿತ್ತು. ಒಳಗೆ ಕರೆದೊಯ್ಯುತ್ತೇವೆಂದು ಯಾರಾದರೂ ಮುಂಗಡ ಕೇಳಿದರೆ, ಅರಣ್ಯ ಇಲಾಖೆಯವರ ಬಾಯಿಂದಲೇ ಕೇಳುವತನಕ ಒಂದು ರೂಪಾಯಿಯನ್ನೂ ಕೊಡಬೇಡಿ.

ಹೊರಗಿನಿಂದ ನೋಡಲು ಜೋಶಿಮಠವೇ ಅನುಕೂಲ. ಋಷಿಕೇಶದಿಂದ ಸುಮಾರು 250 ಕಿ.ಮೀ., ಅಂದರೆ ಇಡೀ ಹಗಲಿನ ದಾರಿ. ಬೆಳಕು ಹರಿಯುವ ಮೊದಲೇ ಹೊರಡಿ. ಶೃಂಗೇರಿಯಂತೆ ಇದೂ ಶಂಕರಾಚಾರ್ಯರು ಸ್ಥಾಪಿಸಿದರೆನ್ನುವ ನಾಲ್ಕು ಪೀಠಗಳಲ್ಲೊಂದು. ನಮ್ಮ ಕಡೆಯ ಬದರಿ ಯಾತ್ರಿಗಳು ಇಲ್ಲಿ ನರಸಿಂಹನಿಗೆ ಕೈಮುಗಿದು ಮುಂದಕ್ಕೆ ಓಡುತ್ತಾರೆ. ಅದೇ ಪ್ರವಾಸಕ್ಕೆ ಇನ್ನೆರಡು ದಿನ ಸೇರಿಸಿದರೆ ನಂದಾದೇವಿಯೂ ಆಗುತ್ತದೆ.

ಊರಿನಿಂದ ಔಲಿಗೆ ರಸ್ತೆಯಲ್ಲಿ ಸುಮಾರು 15 ಕಿ.ಮೀ. ರೋಪ್‌ವೇ ನಂಬಿಕೊಂಡು ಹೋಗಬೇಡಿ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿಯತೊಡಗಿದಾಗ ಅದನ್ನು ನಿಲ್ಲಿಸಿದರು. ಸೂರ್ಯೋದಯಕ್ಕೆ ಓಡಿ ಬನ್ನಿ ಎಂದು ಹೋಟೆಲಿನವರು ಹೇಳುವುದುಂಟು. ಆದರೆ ಔಲಿಗೆ ನಂದಾದೇವಿ ಇರುವುದು ಪೂರ್ವದ ಕಡೆ, ನೇರ ಅಳತೆಯಲ್ಲಿ ಸುಮಾರು 40 ಕಿ.ಮೀ. ದೂರದಲ್ಲಿ. ಬೆಳಿಗ್ಗೆ ಸೂರ್ಯ ಅದರ ಬೆನ್ನ ಹಿಂದಿರುವುದರಿಂದ ಕಾಣುವುದು ಕಪ್ಪು ಆಕೃತಿ. ಮೋಡ ಕಟ್ಟದಿದ್ದರೆ ಇಳಿಹೊತ್ತಿನ ಬಿಸಿಲಲ್ಲಿ ಬಂಡೆಯ ಪದರ, ಹಿಮದ ಗೀರು ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ದುರ್ಬೀನು ಇಟ್ಟುಕೊಂಡಿರಿ. ಮೇಲಿನ ಗೋರ್ಸನ್ ಹುಲ್ಲುಗಾವಲಿಗೆ ನಡೆದರೆ ನೋಟ ಇನ್ನೂ ತೆರೆದುಕೊಳ್ಳುತ್ತದೆ.

ಮೊದಲ ಆರೋಹಣದ ಕಥೆ ಗೊತ್ತಿದ್ದು ನೋಡಿದರೆ ಈ ಬೆಟ್ಟದ ಗತ್ತು ಅರ್ಥವಾಗುತ್ತದೆ. ಸುತ್ತ ಶಿಖರಗಳ ಕೋಟೆ. ನೀರು ಹರಿದುಹೋಗಲು ಪಶ್ಚಿಮಕ್ಕೆ ಒಂದೇ ಸೀಳು, ಋಷಿಗಂಗೆಯ ಕಮರಿ. ಅನೇಕರು ಸೋತು ಮರಳಿದ ಮೇಲೆ 1934ರಲ್ಲಿ ಎರಿಕ್ ಶಿಪ್ಟನ್, ಬಿಲ್ ಟಿಲ್ಮನ್ ಮತ್ತು ಮೂವರು ಶೆರ್ಪಾಗಳು ಆ ಕಮರಿಯಲ್ಲೇ ದಾರಿ ಹುಡುಕಿ ಒಳಗಿಳಿದರು. ಶಿಖರ ಮುಟ್ಟಿದ್ದು ಎರಡು ವರ್ಷಗಳ ನಂತರ, ನಾಲ್ವರು ಬ್ರಿಟಿಷರೂ ನಾಲ್ವರು ಅಮೆರಿಕನ್ನರೂ ಇದ್ದ ತಂಡ. ಶೆರ್ಪಾಗಳು ಕಾಯಿಲೆ ಬಿದ್ದರು, ಒಬ್ಬರು ತೀರಿಕೊಂಡರು. ಹೊರೆಯನ್ನು ಆರೋಹಿಗಳೇ ಹೊತ್ತರು. ಕೊನೆಯ ಶಿಬಿರದಲ್ಲಿ ಡಬ್ಬಿಯ ಮಾಂಸ ತಿಂದು ಚಾರ್ಲ್ಸ್ ಹೂಸ್ಟನ್ ಅಸ್ವಸ್ಥರಾದಾಗ ಅವರ ಜಾಗಕ್ಕೆ ಟಿಲ್ಮನ್ ಬಂದರು. 1936ರ ಆಗಸ್ಟ್ 29ರಂದು ಟಿಲ್ಮನ್, ನೋಯಲ್ ಓಡೆಲ್ ಮೇಲೆ ನಿಂತರು. ಅದೇ ವರ್ಷದ ಎವರೆಸ್ಟ್ ತಂಡ ಇವರಿಬ್ಬರನ್ನೂ ಬೇಡವೆಂದಿತ್ತು! 1950ರವರೆಗೆ ಮನುಷ್ಯ ಏರಿದ ಅತಿ ಎತ್ತರದ ಶಿಖರ ಇದೇ ಆಗಿತ್ತು.

ಅವರು ಏರಿದ್ದು ಆಗಸ್ಟ್‌ನಲ್ಲೆಂದು ನೀವೂ ಮಳೆಗಾಲದಲ್ಲಿ ಹೊರಡಬೇಡಿ. ಗುಡ್ಡ ಕುಸಿದರೆ ರಸ್ತೆಯಲ್ಲೇ ದಿನ ಕಳೆಯಬೇಕಾಗುತ್ತದೆ, ಬೆಟ್ಟವಂತೂ ಮುಸುಕು ತೆಗೆಯುವುದಿಲ್ಲ. ಅಕ್ಟೋಬರ್‌ನಿಂದ ನವೆಂಬರ್ ಮಧ್ಯದವರೆಗೆ ಉತ್ತಮ. ಏಪ್ರಿಲ್, ಮೇ ಕೂಡ ಆಗಬಹುದು, ಆದರೆ ಆಗ ಮಬ್ಬು ಹೆಚ್ಚು.

ಎರಡನೆಯ ದಿನವನ್ನು ಜೋಶಿಮಠದಿಂದ ಸುಮಾರು 25 ಕಿ.ಮೀ. ದೂರದ ಲಾತಾ ಹಳ್ಳಿಗೆ ಇಡಿ. ಹಳೆಯ ತಂಡಗಳು ಇಲ್ಲಿಂದಲೇ ಹೊರಡುತ್ತಿದ್ದವು. ನಂದಾದೇವಿಯ ಗುಡಿಯಿದೆ, ಊರವರಿಗೆ ಶಿಖರವೇ ದೇವಿ. ಮನೆಗಳಲ್ಲೇ ಉಳಿದುಕೊಳ್ಳುವ ವ್ಯವಸ್ಥೆಯಿದೆ, ಅಲ್ಲೇ ಉಳಿಯಿರಿ: ಕಣಿವೆ ಮುಚ್ಚಿದಾಗ ಹೊರೆ ಹೊರುವ, ದಾರಿ ತೋರಿಸುವ ದುಡಿಮೆ ಕಳೆದುಕೊಂಡವರು ಇವರೇ. ದಾರಿಯಲ್ಲಿ ರೈಣಿ ಸಿಗುತ್ತದೆ. 1974ರಲ್ಲಿ ಗೌರಾದೇವಿ ಮತ್ತು ಊರಿನ ಹೆಂಗಸರು ಮರಗಳನ್ನು ತಬ್ಬಿ ಉಳಿಸಿದ ಊರು. 2021ರ ಫೆಬ್ರವರಿಯಲ್ಲಿ ಋಷಿಗಂಗೆಯ ಪ್ರವಾಹ ಅಪ್ಪಳಿಸಿದ್ದೂ ಇಲ್ಲೇ.

ನಾಲ್ಕೈದು ದಿನ ನಡೆಯುವ ಶಕ್ತಿಯಿದ್ದರೆ ಕುಆರಿ ಪಾಸ್ ಚಾರಣ ಸೇರಿಸಿಕೊಳ್ಳಿ. ನಡೆಯಲಾರದ ಹಿರಿಯರಿದ್ದರೆ ಜೋಶಿಮಠ ಬಿಟ್ಟು ಕುಮಾವೂಂ ಕಡೆಯಿಂದ, ಕಾಠ್‌ಗೋದಾಮ್‌ವರೆಗೆ ರೈಲಿನಲ್ಲಿ ಹೋಗಿ ಕೌಸಾನಿಯಲ್ಲಿ ಕೋಣೆ ಹಿಡಿಯಿರಿ. ಅಲ್ಲಿ ವರಾಂಡದಲ್ಲಿ ಕುಳಿತೇ ತ್ರಿಶೂಲವನ್ನೂ ನಂದಾದೇವಿಯನ್ನೂ ನೋಡಬಹುದು. ಎಲ್ಲಿಗೇ ಹೋದರೂ ಎರಡು ರಾತ್ರಿಗಿಂತ ಕಡಿಮೆ ಕಾದಿರಿಸಬೇಡಿ. ಮೋಡವಿದ್ದ ಒಂದು ದಿನ ವ್ಯರ್ಥವಾದರೂ ಇನ್ನೊಂದು ಕೈಯಲ್ಲಿರುತ್ತದೆ.