ಕಾಳ್ಗಿಚ್ಚೂ ಕಾಡಿನ ಕಾವಲುಗಾರರೂ

ಒಲೆಯೊಳಗಿನ ಬೆಂಕಿಯ ಗುಣವನ್ನು ನಮ್ಮ ಹೆಣ್ಣುಮಕ್ಕಳೆಲ್ಲರೂ ಬಲ್ಲರು. ಕಾಡಿನೊಳಗಿನ ಬೆಂಕಿಯ ಗುಣವನ್ನು ಬಲ್ಲವರು ಕೆಲವರೇ. ಆದರೂ ಇವೆರಡರ ನಿಯಮವು ಒಂದೇ ಆಗಿದೆ. ಉರಿಯತಕ್ಕ ವಸ್ತು, ಗಾಳಿಯಲ್ಲಿರುವ ಆಮ್ಲಜನಕ, ಸಾಕಷ್ಟು ಕಾವು ಎಂಬೀ ಮೂರು ಕೂಡಿದಲ್ಲಿ ಮಾತ್ರವೇ ಬೆಂಕಿಯುಂಟು. ಇವುಗಳಲ್ಲಿ ಒಂದನ್ನು ತೆಗೆದರೂ ಅದು ನಂದುವುದು. ಗೃಹಿಣಿಯು ಕೊಳ್ಳಿಯನ್ನು ಹೊರಕ್ಕೆಳೆದು ಉರಿಯನ್ನು ತಗ್ಗಿಸುವಂತೆಯೇ, ಅರಣ್ಯದ ಕಾವಲುಗಾರನು ಬೆಂಕಿಯ ಮುಂದುಗಡೆ ತರಗು, ಹುಲ್ಲು, ಪೊದೆಗಳನ್ನು ಕೆತ್ತಿ ತೆಗೆದು, ಬರಿಯ ಮಣ್ಣಿನ ಪಟ್ಟಿಯೊಂದನ್ನು ಮಾಡುವನು. ಇದಕ್ಕೆ ಬೆಂಕಿರೇಖೆಯೆಂದು ಹೆಸರು. ಗುಡ್ಡದ ಇಳಿಜಾರಿನಲ್ಲಿ ಬೆಂಕಿಯು ಕೆಳಗಿಳಿಯುವುದಕ್ಕಿಂತ ಮೇಲೇರುವುದೇ ಬಹು ಶೀಘ್ರ. ಏಕೆಂದರೆ ಜ್ವಾಲೆಯು ಮೇಲಿನ ಗಿಡಮರಗಳನ್ನು ಮುಂಚಿತವಾಗಿಯೇ ಕಾಯಿಸಿ ಒಣಗಿಸಿರುವುದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವೃತ್ತಾಂತವು ಸುಲಭವಾಗಿ ತಿಳಿಯುವುದು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಯಾವೊಬ್ಬ ಧನಿಕನಿಗೂ ಸೇರದೆ, ಸಮಸ್ತ ಪ್ರಜೆಗಳ ಸೊತ್ತಾಗಿರುವ ವಿಸ್ತಾರವಾದ ಅರಣ್ಯಗಳುಂಟು. ಇವುಗಳ ರಕ್ಷಣೆಗಾಗಿ 1905ರಲ್ಲಿ ಅರಣ್ಯ ಸೇವಾ ಇಲಾಖೆಯು ಸ್ಥಾಪಿತವಾಯಿತು. ಗಿಫರ್ಡ್ ಪಿಂಚಾಟರು ಅದರ ಮೊದಲನೆಯ ಮುಖ್ಯಾಧಿಕಾರಿಗಳು. ಅವರ ಕೈಕೆಳಗಿನ ರೇಂಜರುಗಳು ಕುದುರೆಯನ್ನೇರಿ, ಒಬ್ಬೊಬ್ಬರು ಲಕ್ಷಾಂತರ ಎಕರೆ ಕಾಡನ್ನು ಕಾಯಬೇಕಾಗಿತ್ತು. ಸಂಬಳವು ಸ್ವಲ್ಪ, ಸಲಕರಣೆಯು ಅದಕ್ಕಿಂತಲೂ ಸ್ವಲ್ಪ. ಕಾಡನ್ನು ಕಡಿದು ಮಾರಬೇಕೆಂದಿದ್ದವರ ಹಗೆತನವು ಮಾತ್ರ ಬೇಕಾದಷ್ಟಿತ್ತು.

ಹೀಗಿರಲು 1910ನೆಯ ಇಸವಿಯ ಬೇಸಗೆಯು ಬಂತು. ಐಡಾಹೊ ಮತ್ತು ಮೊಂಟಾನ ಸೀಮೆಗಳಲ್ಲಿ ಆ ವರ್ಷ ಮಳೆಯು ಬಹು ಕಡಮೆ. ಸಿಡಿಲಿನಿಂದಲೂ, ರೈಲು ಇಂಜಿನುಗಳ ಕಿಡಿಗಳಿಂದಲೂ ಬೆಟ್ಟಗಳಲ್ಲಿ ನೂರಾರು ಬೆಂಕಿಗಳು ಹೊತ್ತಿಕೊಂಡುವು. ಊರೂರುಗಳಿಂದ ಕೂಲಿಗಳನ್ನು ಕರೆತಂದರು, ಸೈನ್ಯವನ್ನೂ ಕರೆಸಿದರು. ಆಫ್ರಿಕ ಮೂಲದ ಸಿಪಾಯಿಗಳಿಂದ ಕೂಡಿದ 25ನೆಯ ಕಾಲ್ದಳದವರು ಆಗ ಮಾಡಿದ ಸೇವೆಯು ಸ್ಮರಣೀಯವಾದುದು. ಬೆಂಕಿಗಳು ಇನ್ನೇನು ಹತೋಟಿಗೆ ಬಂದುವೆಂದು ತೋರುತ್ತಿರುವಾಗ, ಆಗಸ್ಟ್ 20ನೆಯ ತಾರೀಖು ಶನಿವಾರ ಬಿರುಗಾಳಿಯೆದ್ದಿತು. ಬಿಡಿಬಿಡಿಯಾಗಿದ್ದ ಕಿಚ್ಚುಗಳೆಲ್ಲವೂ ಕೂಡಿ ಒಂದಾದುವು. ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಅರಣ್ಯವು ಸುಟ್ಟುಹೋಯಿತು. ಸತ್ತವರು 85 ಮಂದಿಗೆ ಕಡಮೆಯಿಲ್ಲ; ಅವರಲ್ಲಿ ಬಹುಮಂದಿ ಬೆಂಕಿಯನ್ನಾರಿಸಲು ಹೋದವರೇ. ವ್ಯಾಲೇಸ್ ಎಂಬ ಪಟ್ಟಣದ ಮೂರರಲ್ಲೊಂದು ಪಾಲು ಬೂದಿಯಾಯಿತು.

ಆ ಪಟ್ಟಣದ ಸಮೀಪದ ಬೆಟ್ಟದಲ್ಲಿ ಎಡ್ವರ್ಡ್ ಪುಲಾಸ್ಕಿ ಎಂಬ ರೇಂಜರನು ಸುಮಾರು 45 ಮಂದಿ ಆಳುಗಳೊಡನೆ ಬೆಂಕಿಯ ನಡುವೆ ಸಿಕ್ಕಿಕೊಂಡನು. ಈತನು ಮೊದಲು ಗಣಿಕೆಲಸ ಮಾಡಿದವನಾದುದರಿಂದ ಆ ಬೆಟ್ಟದ ಸುರಂಗಗಳನ್ನು ಬಲ್ಲವನಾಗಿದ್ದನು. ಹೊಗೆಯಿಂದ ಕತ್ತಲೆ ಕವಿದಿದ್ದ ದಾರಿಯಲ್ಲಿ ಅವರನ್ನು ಪಾಳುಬಿದ್ದ ಗಣಿಯೊಂದಕ್ಕೆ ನಡೆಯಿಸಿ, ಒಳಗೆ ಸೇರಿಸಿ, ನೆಲಕ್ಕೆ ಮುಖವನ್ನಿಟ್ಟು ಮಲಗುವಂತೆ ಅಪ್ಪಣೆಯಿತ್ತನು. ಗಣಿಯ ಬಾಯಿಗೆ ಕಂಬಳಿಗಳನ್ನು ತೂಗಹಾಕಿ, ಒಳಗಿದ್ದ ನೀರನ್ನು ತನ್ನ ಟೋಪಿಯಲ್ಲಿ ಮೊಗೆಮೊಗೆದು ಅವುಗಳ ಮೇಲೆ ಎರಚುತ್ತ ನಿಂತನು. ಭಯದಿಂದ ಬುದ್ಧಿಗೆಟ್ಟು ಹೊರಕ್ಕೋಡಲು ಯತ್ನಿಸಿದವರಿಗೆ ಪಿಸ್ತೂಲನ್ನು ತೋರಿಸಿ, ಹೊರಡುವ ಮೊದಲನೆಯವನನ್ನು ಸುಡುವೆನೆಂದು ಗದರಿಸಿದನು. ಕೊನೆಗೆ ತಾನೂ ಮೂರ್ಛಿತನಾಗಿ ಬಿದ್ದನು. ಬೆಳಗಾದಾಗ ಐದು ಮಂದಿ ಗಣಿಯೊಳಗೇ ಸತ್ತಿದ್ದರು, ಉಳಿದವರೆಲ್ಲರೂ ಬದುಕಿದ್ದರು. ಅದೇ ರಾತ್ರಿ ಆತನ ಹೆಂಡತಿಯೂ ಸಾಕುಮಗಳೂ ಊರ ಹೊರಗಣ ಗಣಿಮಣ್ಣಿನ ಬಯಲಿನಲ್ಲಿ, ಉರಿಯತಕ್ಕದ್ದೇನೂ ಇಲ್ಲದ ಸ್ಥಳವನ್ನು ಆರಿಸಿಕೊಂಡು, ಪ್ರಾಣವುಳಿಸಿಕೊಂಡಿದ್ದರು.

ಪುಲಾಸ್ಕಿಯ ದೃಷ್ಟಿಯು ಕುಂದಿತು, ಶ್ವಾಸಕೋಶಗಳು ಕೆಟ್ಟುವು. ಅಷ್ಟಾದರೂ ಆತನು ಕೆಲಸವನ್ನು ಬಿಡಲಿಲ್ಲ. ಮಡಿದವರ ಸಮಾಧಿಗಳನ್ನು ತಾನೇ ನೋಡಿಕೊಳ್ಳುತ್ತಿದ್ದನು. ಒಂದು ಪಕ್ಕದಲ್ಲಿ ಕೊಡಲಿಯ ಅಲಗೂ, ಇನ್ನೊಂದು ಪಕ್ಕದಲ್ಲಿ ಗುದ್ದಲಿಯ ಅಲಗೂ ಇರುವ ಉಪಕರಣವೊಂದನ್ನು ತನ್ನ ಕುಲುಮೆಯಲ್ಲಿ ತಿದ್ದಿ ತಿದ್ದಿ ಸಿದ್ಧಪಡಿಸಿದನು. ಕಡಿಯುವುದಕ್ಕೊಂದು, ಕೆತ್ತುವುದಕ್ಕೊಂದು ಎಂದು ಎರಡು ಭಾರಗಳನ್ನು ಬೆಟ್ಟದ ಮೇಲಕ್ಕೆ ಹೊರುವ ಕಷ್ಟವು ಇದರಿಂದ ತಪ್ಪಿತು. ಅದಕ್ಕೆ ಇಂದಿಗೂ ಪುಲಾಸ್ಕಿಯೆಂದೇ ಹೆಸರು.

ಇಲ್ಲಿಗೆ ಕಥೆಯು ಮುಗಿಯುವುದಾದರೆ ಧೈರ್ಯದ ಪಾಠವೊಂದೇ ನಮಗೆ ಸಿಕ್ಕುತ್ತಿತ್ತು. ಆದರೆ ಮುಂದೆ ನಡೆದುದು ಹೆಚ್ಚು ವಿಚಾರಾರ್ಹವಾಗಿದೆ. 1910ರ ಭಯವು ಆ ಇಲಾಖೆಯವರ ಮನಸ್ಸಿನಿಂದ ಮಾಯಲಿಲ್ಲ. ಕಾಡಿನಲ್ಲಿ ಬೆಂಕಿಯೆಂಬುದೇ ಇರಕೂಡದೆಂದು ಅವರು ನಿಶ್ಚಯಿಸಿದರು. ಯಾವ ಬೆಂಕಿಯೇ ಆಗಲಿ, ಕಂಡ ಮರುದಿನ ಬೆಳಗಿನ ಹತ್ತು ಘಂಟೆಯೊಳಗಾಗಿ ಹತೋಟಿಗೆ ಬರಬೇಕೆಂದು 1935ರಲ್ಲಿ ನಿಯಮವನ್ನೇ ಮಾಡಿದರು. ಉದ್ದೇಶವು ಒಳ್ಳೆಯದೇ. ಆದರೆ ಪರಿಣಾಮವು ಬೇರೆಯಾಯಿತು. ಪಶ್ಚಿಮ ಅಮೆರಿಕದ ಪೈನ್ ಮರಗಳ ಎಷ್ಟೋ ಕಾಡುಗಳಲ್ಲಿ ಕೆಲವು ವರ್ಷಗಳಿಗೊಮ್ಮೆ ಸಣ್ಣ ಬೆಂಕಿಯು ನೆಲದ ಮೇಲೆ ಹರಿದು, ತರಗನ್ನೂ ಎಳೆಯ ಪೊದೆಗಳನ್ನೂ ಸುಟ್ಟು, ದಪ್ಪ ತೊಗಟೆಯ ದೊಡ್ಡ ಮರಗಳನ್ನು ಉಳಿಸಿ ಹೋಗುತ್ತಿತ್ತು. ಮರದ ವಾರ್ಷಿಕ ಉಂಗುರಗಳಲ್ಲಿ ಉಳಿದಿರುವ ಸುಟ್ಟ ಗಾಯಗಳೇ ಇದಕ್ಕೆ ಸಾಕ್ಷಿ. ಆ ದೇಶದ ಮೂಲನಿವಾಸಿಗಳೂ ಕಾಲವನ್ನರಿತು ತಾವೇ ಇಂಥ ಬೆಂಕಿಯನ್ನು ಹಾಕುತ್ತಿದ್ದರು. ಇದೆಲ್ಲವನ್ನೂ ತಡೆದುದರಿಂದ ವರ್ಷ ವರ್ಷವೂ ಸೌದೆಯು ರಾಶಿಗೂಡಿತು. ಕೊನೆಗೆ ಹೊತ್ತಿಕೊಂಡ ಬೆಂಕಿಯು ನೆಲದಲ್ಲಿ ನಿಲ್ಲದೆ ಮರಗಳ ತುದಿಗೇರಿತು. ಈ ತತ್ತ್ವವು ತಿಳಿದುಬಂದ ಮೇಲೆ 1968ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನಗಳವರೂ, 1978ರಲ್ಲಿ ಅರಣ್ಯ ಸೇವಾ ಇಲಾಖೆಯವರೂ ತಮ್ಮ ಹಳೆಯ ನಿಯಮವನ್ನು ಬದಲಾಯಿಸಿದರು.

ಆದರೆ ಎಲ್ಲ ಕಾಡುಗಳಿಗೂ ಒಂದೇ ಅಳತೆಗೋಲಿಲ್ಲ. 1988ರಲ್ಲಿ ಯೆಲ್ಲೋಸ್ಟೋನ್ ಉದ್ಯಾನದೊಳಗೆ ಸುಮಾರು 8 ಲಕ್ಷ ಎಕರೆಗಳಲ್ಲಿ ಬೆಂಕಿಯು ಹಬ್ಬಿತು. ಸಾವಿರಾರು ಜನರ ಶ್ರಮದಿಂದಲೂ ಆರದಿದ್ದುದು ಸೆಪ್ಟೆಂಬರಿನ ಮಳೆ ಹಿಮಗಳಿಂದ ತಗ್ಗಿತು. ಅಲ್ಲಿನ ಲಾಡ್ಜ್‌ಪೋಲ್ ಪೈನ್ ಮರಗಳ ಕಾಯಿಗಳಲ್ಲಿ ಅನೇಕವು ರಾಳದಿಂದ ಮುಚ್ಚಿಕೊಂಡಿದ್ದು, ಬೆಂಕಿಯ ಕಾವಿನಿಂದಲೇ ಬಿರಿದು ಬೀಜವನ್ನುದುರಿಸತಕ್ಕವು. ಇನ್ನೇನೂ ಉಳಿಯಲಿಲ್ಲವೆಂದು ಜನರು ಮರುಗಿದ ನೆಲದಲ್ಲಿ ಬಲುಬೇಗನೆ ಅಸಂಖ್ಯಾತ ಸಸಿಗಳು ತಲೆಯೆತ್ತಿದುವು. ಸೃಷ್ಟಿಕರ್ತನು ಬೂದಿಯಲ್ಲಿಯೂ ಬೀಜಕ್ಕೆ ಸ್ಥಳವನ್ನಿಟ್ಟಿರುವನು.

ನಮ್ಮ ನಾಡಿಗೂ ಇದು ಸಂಬಂಧಪಡದ ವಿಷಯವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯು ಬಲಿಯುವ ಮುಂಚೆಯೇ ತರಗು ಬೆಂಕಿಯೆಂಬ ಸಣ್ಣ ಬೆಂಕಿಯನ್ನು ಹಾಕುವ ವಾಡಿಕೆಯಿಟ್ಟುಕೊಂಡಿದ್ದರು. ಅದು ನಿಂತ ಮೇಲೆ ಲಂಟಾನದ ಪೊದೆಗಳು ಹೆಚ್ಚಿದುವೆಂದು ಅವರ ಹಿರಿಯರು ಹೇಳುವರು. ಆದರೆ ಹಾಗೆಂದು ಕಂಡಕಂಡವರು ಕಂಡಕಂಡಾಗ ಕಾಡಿಗೆ ಕಿಡಿಯಿಡಬಹುದೆಂದು ಯಾರೂ ಭಾವಿಸಕೂಡದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಸುಟ್ಟುಹೋದುದನ್ನು ನಾವೆಲ್ಲರೂ ಬಲ್ಲೆವು. 2017ರಲ್ಲಿ ಅದೇ ಕಾಡಿನಲ್ಲಿ ಬೆಂಕಿಯನ್ನಾರಿಸಲು ಹೋದ ಅರಣ್ಯರಕ್ಷಕರೊಬ್ಬರು ಹಿಂದಿರುಗಲೇ ಇಲ್ಲ. ಕಾಲ, ಗಾಳಿ, ನೆಲಗಳನ್ನರಿತವರು ಹಾಕುವ ಬೆಂಕಿಯೇ ಬೇರೆ. ಅಜಾಗರೂಕತೆಯಿಂದಲೋ ದ್ವೇಷದಿಂದಲೋ ಹಾಕುವ ಬೆಂಕಿಯೇ ಬೇರೆ.

ತಾಯಿತಂದೆಗಳಿಗೂ ಉಪಾಧ್ಯಾಯಿನಿಯರಿಗೂ ಇಲ್ಲೊಂದು ಪಾಠವುಂಟೆಂದು ನಾವೆಣಿಸುತ್ತೇವೆ. ಹುಡುಗಿಯು ಪ್ರಶ್ನೆ ಕೇಳಿದೊಡನೆ, ಮುಖ ಸಿಂಡರಿಸಿದೊಡನೆ, ಎದುರುಮಾತಾಡಿದೊಡನೆ ಅದನ್ನಾರಿಸಿಬಿಟ್ಟರೆ ಮನೆಯೂ ತರಗತಿಯೂ ನಿಶ್ಶಬ್ದವಾಗುವುದು ನಿಜ. ಆದರೆ ಅದು ಶಾಂತಿಯಲ್ಲ. ಬೂದಿ ಮುಚ್ಚಿದ ಕೆಂಡ. ಸಣ್ಣದಿರುವಾಗ ಕೇಳಿ, ವಿಚಾರಿಸಿ, ಉತ್ತರ ಕೊಟ್ಟರೆ ಆಡಬೇಕಾದ ಮಾತುಗಳು ವರ್ಷಗಟ್ಟಲೆ ರಾಶಿಬೀಳವು. ಹಾಗೆಯೇ ಗಣಿಯ ಬಾಯಲ್ಲಿ ದೃಢವಾಗಿ ನಿಲ್ಲಬೇಕಾದ ಘಳಿಗೆಯೂ ಉಂಟು. ಯಾವುದು ಯಾವ ಹೊತ್ತು ಎಂಬುದನ್ನು ಅರಿಯುವುದೇ ಹಿರಿಯರ ಕೆಲಸ.

ಕಡೆಯದಾಗಿ ಇನ್ನೊಂದು ಮಾತು. 1913ರಲ್ಲಿ ಹ್ಯಾಲಿ ಡ್ಯಾಗೆಟ್ ಎಂಬ ಮಹಿಳೆಯು ಕ್ಯಾಲಿಫೋರ್ನಿಯದ ಕ್ಲಾಮತ್ ಅರಣ್ಯದಲ್ಲಿ ಬೆಂಕಿಯ ಕಾವಲಿಗೆ ನೇಮಕಗೊಂಡಳು. ಅರಣ್ಯ ಸೇವಾ ಇಲಾಖೆಯಲ್ಲಿ ಈ ಕೆಲಸಕ್ಕೆ ನಿಂತ ಹೆಂಗಸರಲ್ಲಿ ಈಕೆಯೇ ಮೊದಲಿಗಳು. ಹೆಂಗಸು ಒಂಟಿಯಾಗಿ ಶಿಖರದ ಮೇಲಿರುವುದು ಸಾಧ್ಯವೇ ಎಂದು ಸಂಶಯಪಟ್ಟವರಿದ್ದರು. ಆಕೆಯಾದರೋ ಬೇಸಗೆ ಬೇಸಗೆಗೂ ಅಲ್ಲಿಯೇ ನೆಲಸಿ, ಹೊಗೆಯೆದ್ದ ಕೂಡಲೇ ಟೆಲಿಫೋನಿನಿಂದ ಸುದ್ದಿಯನ್ನು ಮುಟ್ಟಿಸುತ್ತ, ಹದಿನಾಲ್ಕು ವರ್ಷಗಳಿಗೆ ಕಡಮೆಯಿಲ್ಲದೆ ಸೇವೆ ಮಾಡಿದಳು. ಈಗ ನಮ್ಮ ಕರ್ನಾಟಕದಲ್ಲಿಯೂ ಸ್ತ್ರೀಯರು ಅರಣ್ಯರಕ್ಷಕರಾಗಿಯೂ ವಲಯ ಅರಣ್ಯಾಧಿಕಾರಿಗಳಾಗಿಯೂ ದುಡಿಯುತ್ತಿರುವರು. ವೈದ್ಯೆಯಾಗುವೆನು, ದಾದಿಯಾಗುವೆನು ಎಂದ ಮಗಳನ್ನು ಸಂತೋಷದಿಂದ ಕಳುಹಿಸುವ ಮನೆಯವರು, ಕಾಡನ್ನು ಕಾಯುವೆನು ಎಂದ ಮಗಳನ್ನು ಬೆರಗಿನಿಂದ ನೋಡುವುದುಂಟು. ಅಂಥ ಮಗಳು ನಿಮ್ಮ ಮನೆಯಲ್ಲಿದ್ದರೆ ಒಡನೆಯೇ ಬೇಡವೆನ್ನದಿರಿ. ಮೊದಲು ಅವಳ ಮಾತನ್ನು ಪೂರ್ತಿಯಾಗಿ ಕೇಳಿರೆಂಬುದೇ ನಮ್ಮ ಬಿನ್ನಹ.