ಅಣ್ಣನ ಋಣ, ತಮ್ಮನ ದಾರಿ: ಒಂದು ಬ್ರಿಟಿಷ್ ಹಾಸ್ಯ ಧಾರಾವಾಹಿಯ ಪಾಠ



ಕಥೆ, ನಾಟಕಗಳ ಪಾಠ ಮಾಡುವಾಗ ‘ಪಾತ್ರಗಳ ನಡುವಿನ ವೈರುಧ್ಯ’ ಎಂದು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ನೀವು ಅದನ್ನು ನೋಟ್ಸಿಗೆ ಇಳಿಸಿಕೊಳ್ಳುತ್ತೀರಿ. ಆದರೆ ಆ ವೈರುಧ್ಯ ಕಥೆಯಲ್ಲಿ ನಿಜಕ್ಕೂ ಏನು ಕೆಲಸ ಮಾಡುತ್ತದೆ ಎಂಬುದು ಒಂದು ಒಳ್ಳೆಯ ಉದಾಹರಣೆ ಕಣ್ಣ ಮುಂದೆ ಬರುವವರೆಗೆ ಸರಿಯಾಗಿ ತಿಳಿಯುವುದಿಲ್ಲ. ಅಂಥ ಉದಾಹರಣೆಯಾಗಿ ಈ ಸಂಚಿಕೆಗೆ ನಾನು ಆರಿಸಿಕೊಂಡಿರುವುದು ಪಠ್ಯಪುಸ್ತಕದ ಪಾಠವನ್ನಲ್ಲ, ಬಿಬಿಸಿಯ ಒಂದು ಹಾಸ್ಯ ಧಾರಾವಾಹಿಯನ್ನು. ಅದರ ಹೆಸರು ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’. ಲಂಡನ್ನಿನ ಆಡುಮಾತು ಕಿವಿಗೆ ಬೀಳಲಿ ಎಂದು ಸಬ್‌ಟೈಟಲ್ ಹಾಕಿಕೊಂಡು ನೋಡಲು ಶುರು ಮಾಡಿದವನು ನಾನು. ಮನಸ್ಸಿನಲ್ಲಿ ಉಳಿದದ್ದು ಮಾತ್ರ ಭಾಷೆಗಿಂತ ಹೆಚ್ಚಾಗಿ ಆ ಇಬ್ಬರು ಅಣ್ಣತಮ್ಮಂದಿರು.

ಧಾರಾವಾಹಿಯ ಪರಿಚಯ

ಇದರ ಮೊದಲ ಕಂತು ಪ್ರಸಾರವಾದದ್ದು 1981ರ ಸೆಪ್ಟೆಂಬರ್ 8ರಂದು. 1991ರವರೆಗೆ ಏಳು ಸರಣಿಗಳು ಬಂದವು. ಆಮೇಲೆ ಕ್ರಿಸ್‌ಮಸ್ ಸಮಯದ ವಿಶೇಷ ಕಂತುಗಳು 2003ರವರೆಗೆ ಬರುತ್ತಿದ್ದವು. ಬರೆದವರು ಜಾನ್ ಸಲಿವನ್. ಅಣ್ಣ ಡೆಲ್ ಟ್ರಾಟರ್ ಪಾತ್ರದಲ್ಲಿ ಡೇವಿಡ್ ಜೇಸನ್, ತಮ್ಮ ರಾಡ್ನಿ ಪಾತ್ರದಲ್ಲಿ ನಿಕೊಲಸ್ ಲಿಂಡ್‌ಹರ್ಸ್ಟ್ ನಟಿಸಿದರು. ‘ದುಡಿಯುವುದು ಮೂರ್ಖರು ಮತ್ತು ಕುದುರೆಗಳು ಮಾತ್ರ’ ಎಂಬ ಹಳೆಯ ನುಡಿಯಿಂದ ಹೆಸರು ಬಂದಿದೆ. ಜಾಣನಾದವನು ಬೇರೆ ದಾರಿ ಹುಡುಕಿಕೊಳ್ಳುತ್ತಾನೆ ಎಂಬ ವ್ಯಂಗ್ಯ ಅದರಲ್ಲಿದೆ.

ಕಥೆ ನಡೆಯುವುದು ದಕ್ಷಿಣ ಲಂಡನ್ನಿನ ಪೆಕ್‌ಹ್ಯಾಮ್ ಎಂಬಲ್ಲಿ. ನೆಲ್ಸನ್ ಮಂಡೇಲಾ ಹೌಸ್ ಎಂಬ ಕಾಲ್ಪನಿಕ ಕಟ್ಟಡ. ಸ್ಥಳೀಯ ಆಡಳಿತ ಬಾಡಿಗೆಗೆ ಕೊಟ್ಟ ಫ್ಲ್ಯಾಟುಗಳು. ಸದಾ ಕೆಟ್ಟು ನಿಲ್ಲುವ ಲಿಫ್ಟು. ಅಲ್ಲಿಯ ಒಂದು ಫ್ಲ್ಯಾಟಿನಲ್ಲಿ ಡೆಲ್, ರಾಡ್ನಿ ಮತ್ತು ಅವರ ಅಜ್ಜ ಇರುತ್ತಾರೆ. ಓಡಾಟಕ್ಕೆ ಮೂರು ಗಾಲಿಯ ಹಳದಿ ವ್ಯಾನು. ಅದರ ಮೇಲೆ ಕಂಪನಿಯ ಹೆಸರು, ಜೊತೆಗೆ ನ್ಯೂಯಾರ್ಕ್, ಪ್ಯಾರಿಸ್, ಪೆಕ್‌ಹ್ಯಾಮ್ ಎಂದು ಮೂರು ಊರುಗಳ ಹೆಸರು ಬರೆದಿದೆ. ಪೆಕ್‌ಹ್ಯಾಮ್ ಒಂದನ್ನು ಬಿಟ್ಟು ಉಳಿದೆರಡು ಊರುಗಳಲ್ಲಿ ಅವರಿಗೆ ಯಾವ ವ್ಯಾಪಾರವೂ ಇಲ್ಲ.

ಕಾಲವನ್ನೂ ಗಮನಿಸಿ. 1982ರ ಆರಂಭದಲ್ಲಿ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಪರವಾನಗಿ ಇಲ್ಲದೆ ಸಂತೆಯಲ್ಲಿ ಸೂಟ್‌ಕೇಸ್ ಬಿಚ್ಚಿ ಮಾಲು ಮಾರಿ, ಪೊಲೀಸರನ್ನು ಕಂಡರೆ ಕಟ್ಟಿಕೊಂಡು ಓಡುವ ಡೆಲ್ ಆ ದಿನಗಳ ಮನುಷ್ಯ. ಬರುವ ವರ್ಷ ಇಷ್ಟು ಹೊತ್ತಿಗೆ ನಾವು ಕೋಟ್ಯಧೀಶರಾಗಿರುತ್ತೇವೆ ಎಂದು ಅವನು ತಮ್ಮನಿಗೆ ಪ್ರತಿ ವರ್ಷವೂ ಹೇಳುತ್ತಾನೆ.

ಇಬ್ಬರ ನಡುವಿನ ಅಂತರ

ಡೆಲ್ ಕುಳ್ಳ, ರಾಡ್ನಿ ಉದ್ದ. ಡೆಲ್ ಮಾತಿನ ಮಲ್ಲ, ರಾಡ್ನಿ ಮಾತು ಬಂದರೆ ತಡವರಿಸುವವನು. ಡೆಲ್‌ಗೆ ಸಂಕೋಚವೆಂಬುದೇ ಇಲ್ಲ, ರಾಡ್ನಿಗೆ ಎಲ್ಲದಕ್ಕೂ ನಾಚಿಕೆ. ಡೆಲ್ ಶಾಲೆಯಲ್ಲಿ ಏನನ್ನೂ ಗಳಿಸಲಿಲ್ಲ. ರಾಡ್ನಿ ಜಿಸಿಇ ಪರೀಕ್ಷೆಯಲ್ಲಿ 2 ವಿಷಯ ಪಾಸಾಗಿ, ಕಲಾ ಕಾಲೇಜಿಗೆ ಸೇರಿ, ಕೆಲವೇ ವಾರಗಳಲ್ಲಿ ಹೊರಹಾಕಿಸಿಕೊಂಡವನು. ಆ ಎರಡು ವಿಷಯಗಳ ಬಗ್ಗೆ ಡೆಲ್ ಮನೆಯೊಳಗೆ ಗೇಲಿ ಮಾಡುತ್ತಾನೆ, ಹೊರಗಿನವರ ಮುಂದೆ ಹೆಮ್ಮೆ ಪಡುತ್ತಾನೆ.

ಆದರೆ ಇಬ್ಬರು ಬೇರೆ ಬೇರೆ ಸ್ವಭಾವದವರು ಎಂದ ಮಾತ್ರಕ್ಕೆ ಹಾಸ್ಯ ಹುಟ್ಟುವುದಿಲ್ಲ. ಹೊಂದಾಣಿಕೆ ಇಲ್ಲದ ಇಬ್ಬರು ತಮ್ಮ ತಮ್ಮ ಪಾಡಿಗೆ ಹೋದರೆ ಅಲ್ಲಿಗೆ ಕಥೆ ಮುಗಿಯಿತು. ಹಾಸ್ಯಕ್ಕೆ ಬೇಕಾದ ಎರಡನೆಯ ಅಂಶ ಅವರು ಬಿಟ್ಟು ಹೋಗಲಾಗದಂತೆ ಒಂದೇ ಕಡೆ ಇರುವುದು. ಮೊದಲ ಕಂತಿನಲ್ಲೇ ಇದು ಸ್ಪಷ್ಟವಾಗುತ್ತದೆ. ರಾಡ್ನಿ ವ್ಯಾಪಾರದ ಲೆಕ್ಕ ಬರೆದಿಡಲು ಹೊರಡುತ್ತಾನೆ. ಡೆಲ್ ಗಾಬರಿಯಾಗುತ್ತಾನೆ: ಈ ಪುಸ್ತಕ ತೆರಿಗೆಯವರ ಕೈಗೆ ಸಿಕ್ಕರೆ ಗತಿಯೇನು? ಅದೇ ಕಂತಿನಲ್ಲಿ ಡೆಲ್ ಒಂದಷ್ಟು ಬ್ರೀಫ್‌ಕೇಸುಗಳನ್ನು ಅಗ್ಗಕ್ಕೆ ಕೊಳ್ಳುತ್ತಾನೆ. ಅವನ್ನು ತೆರೆಯುವ ಅಂಕೆಗಳನ್ನು ಬರೆದ ಚೀಟಿ ಬೀಗ ಬಿದ್ದ ಬ್ರೀಫ್‌ಕೇಸುಗಳ ಒಳಗೇ ಇರುತ್ತದೆ! ಅಣ್ಣನೊಂದಿಗೆ ಜಗಳವಾಡಿ ರಾಡ್ನಿ ಮನೆ ಬಿಟ್ಟು ಹೋಗುತ್ತಾನೆ. ಕೆಲವು ದಿನಗಳಲ್ಲಿ ಹಿಂತಿರುಗಿ ಬರುತ್ತಾನೆ.

ಆ ಕಂತಿನ ಹೆಸರು ‘ಬಿಗ್ ಬ್ರದರ್’. ಇಲ್ಲಿ ಭಾಷೆಯ ಒಂದು ಸಣ್ಣ ಪಾಠವಿದೆ. ಕನ್ನಡದಲ್ಲಿ ‘ಅಣ್ಣ’, ‘ತಮ್ಮ’ ಎಂಬ ಶಬ್ದದಲ್ಲೇ ಹಿರಿಯ ಯಾರು, ಕಿರಿಯ ಯಾರು ಎಂಬುದು ಗೊತ್ತಾಗುತ್ತದೆ. ಇಂಗ್ಲಿಷಿನ ‘ಬ್ರದರ್’ ಅದನ್ನು ಹೇಳುವುದಿಲ್ಲ, ಹಿಂದೆ ಇನ್ನೊಂದು ಪದ ಸೇರಿಸಬೇಕು. ಹಾಗೆ ಸೇರಿಸಿದಾಗ ಅರ್ಥ ಎರಡಾಗುತ್ತದೆ. ಒಂದು, ಅಣ್ಣ. ಇನ್ನೊಂದು, ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಬರುವ, ಎಲ್ಲರನ್ನೂ ಕಣ್ಣಿಟ್ಟು ಕಾಯುವ ಸರ್ವಾಧಿಕಾರಿ. ರಕ್ಷಿಸುವವನೂ ಅಣ್ಣ, ಉಸಿರು ಕಟ್ಟಿಸುವವನೂ ಅಣ್ಣ. ಇಡೀ ಧಾರಾವಾಹಿಯ ವಿಷಯ ಈ ಎರಡು ಪದಗಳಲ್ಲಿದೆ.

ನಗು ಹುಟ್ಟುವ ಬಗೆ

ಹೆಚ್ಚು ಹೆಸರಾದ ಎರಡು ದೃಶ್ಯಗಳನ್ನು ನೋಡೋಣ.

1982ರ ಒಂದು ಕಂತಿನಲ್ಲಿ ಶ್ರೀಮಂತರ ಬಂಗಲೆಯ ಗಾಜಿನ ತೂಗುದೀಪಗಳನ್ನು ತೊಳೆಯುವ ಕೆಲಸವನ್ನು ಡೆಲ್ ಒಪ್ಪಿಕೊಳ್ಳುತ್ತಾನೆ. ಅಣ್ಣತಮ್ಮಂದಿರು ಏಣಿ ಹತ್ತಿ ಒಂದು ದೀಪದ ಕೆಳಗೆ ಬಟ್ಟೆ ಹಿಡಿದು ನಿಲ್ಲುತ್ತಾರೆ. ಮೇಲಿನ ಮಹಡಿಯಲ್ಲಿ ಅಜ್ಜ ಬೋಲ್ಟ್ ಬಿಚ್ಚುತ್ತಾನೆ. ಬೀಳುವುದು ಮಾತ್ರ ಪಕ್ಕದ ಇನ್ನೊಂದು ದೀಪ. ಇದು ಸಲಿವನ್ ತಮ್ಮ ತಂದೆಯ ಬಾಯಿಂದ ಕೇಳಿದ ನಿಜ ಘಟನೆಯಿಂದ ಬಂದದ್ದು.

1989ರ ಇನ್ನೊಂದು ಕಂತಿನಲ್ಲಿ ಡೆಲ್ ದೊಡ್ಡ ವ್ಯಾಪಾರಿಯಂತೆ ಕೋಟು ತೊಟ್ಟು ಮದ್ಯದಂಗಡಿಯ ಕಟ್ಟೆಗೆ ಠೀವಿಯಿಂದ ಒರಗಿ ನಿಂತಿರುತ್ತಾನೆ. ಅವನು ಅತ್ತ ತಿರುಗಿದಾಗ ಕೆಲಸದವನು ಕಟ್ಟೆಯ ಮುಚ್ಚುಹಲಗೆ ಎತ್ತಿ ಹೊರಗೆ ಬರುತ್ತಾನೆ. ಡೆಲ್ ಮತ್ತೆ ಒರಗಲು ಹೋಗಿ ಮರದ ಕೊರಡಿನಂತೆ ನೇರವಾಗಿ ಉರುಳುತ್ತಾನೆ.

ಎರಡನೆಯ ದೃಶ್ಯದಲ್ಲಿ ಹಲಗೆ ಎತ್ತಿದ್ದು ನಮಗೆ ಕಾಣುತ್ತದೆ, ಡೆಲ್‌ಗೆ ಕಾಣುವುದಿಲ್ಲ. ಪಾತ್ರಕ್ಕೆ ಗೊತ್ತಿಲ್ಲದ್ದು ಪ್ರೇಕ್ಷಕನಿಗೆ ಗೊತ್ತಿರುವುದನ್ನೇ ನಾವು ತರಗತಿಯಲ್ಲಿ ‘ನಾಟಕೀಯ ವ್ಯಂಗ್ಯ’ ಎನ್ನುತ್ತೇವೆ. ಮೊದಲನೆಯದರಲ್ಲಿ ನಮಗೂ ಗೊತ್ತಿರುವುದಿಲ್ಲ. ನಾವೂ ಅವರಂತೆ ಆ ಒಂದೇ ದೀಪವನ್ನು ನೋಡುತ್ತಿರುತ್ತೇವೆ. ನಗಿಸಲು ಒಂದು ಕಡೆ ಮಾಹಿತಿ ಕೊಡುತ್ತಾರೆ, ಇನ್ನೊಂದು ಕಡೆ ಮುಚ್ಚಿಡುತ್ತಾರೆ. ನೀವು ಕಾಲೇಜು ದಿನಾಚರಣೆಗೆ ಕಿರುನಾಟಕ ಬರೆಯುವಾಗ ಈ ಎರಡರಲ್ಲಿ ಯಾವುದು ಬೇಕು ಎಂದು ಮೊದಲೇ ನಿರ್ಧರಿಸಿಕೊಳ್ಳಿ.

ಮೂರನೆಯದು ಮಾತಿನ ಹಾಸ್ಯ. ಡೆಲ್‌ಗೆ ಫ್ರೆಂಚ್ ಬರುವುದಿಲ್ಲ, ಆದರೆ ಮಾತಿನ ನಡುವೆ ಫ್ರೆಂಚ್ ಪದ ಉದುರಿಸುವ ಚಟ. ಬೀಳ್ಕೊಡುವಾಗ ‘ಬೋನ್‌ಜೂರ್’ ಎನ್ನುತ್ತಾನೆ. ಅದು ಎದುರಾದಾಗ ಹೇಳುವ ನಮಸ್ಕಾರ. ಇಲ್ಲಿ ನಾವು ನಗುವುದು ಅವನ ಅಜ್ಞಾನಕ್ಕಲ್ಲ, ಗೊತ್ತಿರುವಂತೆ ತೋರಿಸಿಕೊಳ್ಳುವ ಜಂಬಕ್ಕೆ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಮಾತನಾಡಲು ಹಿಂಜರಿಯುವವರು ಈ ಭೇದವನ್ನು ನೆನಪಿಡಬೇಕು. ಕಲಿಯುವವನ ತಪ್ಪು ಹಾಸ್ಯದ ವಸ್ತುವಲ್ಲ. ಜೊತೆಗೆ ಇನ್ನೊಂದನ್ನೂ ಗಮನಿಸಿ. ವ್ಯಾಕರಣ ಗೊತ್ತಿರುವ ರಾಡ್ನಿಗೆ ಸಂತೆಯಲ್ಲಿ ಒಂದು ಮಾಲನ್ನೂ ಮಾರಲಾಗುವುದಿಲ್ಲ. ತಪ್ಪು ಮಾತನಾಡುವ ಡೆಲ್ ಯಾರೊಂದಿಗೆ ಬೇಕಾದರೂ ಮಾತಿಗಿಳಿಯುತ್ತಾನೆ. ಒಬ್ಬನಲ್ಲಿರುವುದು ಇನ್ನೊಬ್ಬನಲ್ಲಿಲ್ಲ.

ನಗುವಿನ ಕೆಳಗಿರುವ ಋಣ

ಇಷ್ಟು ಬೇರೆಯಾದ ಇಬ್ಬರು ಜೊತೆಗಿರಲು ಕಾರಣವೇನು? ಉತ್ತರ ಅವರ ಬಾಲ್ಯದಲ್ಲಿದೆ. ತಾಯಿ ಜೋನ್ ತೀರಿಕೊಂಡಾಗ ರಾಡ್ನಿ ಇನ್ನೂ ಪುಟ್ಟ ಹುಡುಗ. ಸ್ವಲ್ಪ ದಿನಗಳಲ್ಲೇ ತಂದೆ ಮನೆ ಬಿಟ್ಟು ಹೋದ. ಡೆಲ್‌ಗೆ ಆಗ 16 ವರ್ಷ. ನಿಮ್ಮ ವಯಸ್ಸು. ಅಂದಿನಿಂದ ತಮ್ಮನನ್ನು ಸಾಕುವ ಹೊಣೆ ಅವನದಾಯಿತು. ಅವನ ಓದು, ಮದುವೆ ಎಲ್ಲವೂ ಹಿಂದೆ ಬಿದ್ದವು.

ರಾಡ್ನಿಗೆ ಇದು ಗೊತ್ತು. ಗೊತ್ತಿರುವುದರಿಂದಲೇ ಅವನಿಗೆ ಅಣ್ಣನನ್ನು ಎದುರಿಸಲು ಕಷ್ಟ. ಡೆಲ್ ಕೂಡ ಸಾಧುವಲ್ಲ. ತನ್ನ ಮಾತು ನಡೆಯಬೇಕಾದಾಗ ಸತ್ತ ತಾಯಿಯ ಹೆಸರೆತ್ತಿ, ಸಾಯುವ ಮೊದಲು ಅಮ್ಮ ಹೀಗೆ ಹೇಳಿದ್ದಳು ಎಂದು ತನಗೆ ಬೇಕಾದ್ದನ್ನು ಹೇಳಿಬಿಡುತ್ತಾನೆ. ಅವನ ತ್ಯಾಗ ನಿಜ. ಆ ತ್ಯಾಗವನ್ನು ತಮ್ಮನ ಮೇಲೆ ಆಯುಧದಂತೆ ಬಳಸುವುದೂ ನಿಜ. ಧಾರಾವಾಹಿ ಇವೆರಡರಲ್ಲಿ ಒಂದನ್ನೂ ಮರೆಮಾಚುವುದಿಲ್ಲ. ಅದರ ದೊಡ್ಡ ಗುಣ ಇದೇ ಎಂದು ನನ್ನ ಅಭಿಪ್ರಾಯ.

1989ರ ಹೊತ್ತಿಗೆ ರಾಡ್ನಿ ಕಂಪ್ಯೂಟರ್ ಕೋರ್ಸಿಗೆ ಸೇರುತ್ತಾನೆ, ಕಸಾಂಡ್ರಾ ಎಂಬ ಬ್ಯಾಂಕ್ ಉದ್ಯೋಗಿಯನ್ನು ಮದುವೆಯಾಗುತ್ತಾನೆ, ಮಾವನ ಮುದ್ರಣ ಸಂಸ್ಥೆಯಲ್ಲಿ ಕೆಲಸ ಹಿಡಿಯುತ್ತಾನೆ. ಹೊಸ ಮನೆಗೆ ಮುಂಗಡ ಹಣ ಬೇಕಾಗುತ್ತದೆ. ಡೆಲ್‌ನ ಬಳಿ ಇರುವ ಹಣ ಪುಂಡರಿಬ್ಬರಿಗೆ ತೀರಿಸಬೇಕಾದ ಸಾಲದ್ದು. ಅವನು ಅದನ್ನು ತಮ್ಮನಿಗೆ ಕೊಟ್ಟುಬಿಡುತ್ತಾನೆ, ಪುಂಡರಿಂದ ಹೊಡೆತ ತಿನ್ನುತ್ತಾನೆ. ಮದುವೆಯ ಔತಣ ಮುಗಿದು ಎಲ್ಲರೂ ಹೋದ ಮೇಲೆ ಆ ಸಭಾಂಗಣದಲ್ಲಿ ಡೆಲ್ ಒಬ್ಬನೇ ನಿಂತಿರುತ್ತಾನೆ. ಹಾಸ್ಯ ಧಾರಾವಾಹಿಯ ಆ ಸರಣಿ ಮುಗಿಯುವುದು ಇಲ್ಲಿ. ಬಿಟ್ಟುಕೊಡುವುದೂ ಪ್ರೀತಿಯೇ ಎಂದು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ.

1996ರ ಡಿಸೆಂಬರಿನ ಕಂತುಗಳಲ್ಲಿ ರಾಡ್ನಿ ದಂಪತಿಗೆ ಗರ್ಭಪಾತದ ನೋವು ಎದುರಾಗುತ್ತದೆ. ರಾಡ್ನಿ ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಒಂದು ದಿನ ಲಿಫ್ಟು ನಡುವೆ ನಿಲ್ಲುತ್ತದೆ. ಒಳಗೆ ಇಬ್ಬರೇ. ಅಣ್ಣ ಮಾತಿಗೆಳೆಯುತ್ತಾನೆ, ತಮ್ಮ ದುಃಖ ಹೊರಹಾಕುತ್ತಾನೆ. ಮಾತು ಮುಗಿದ ಮೇಲೆ ಲಿಫ್ಟು ಚಲಿಸುತ್ತದೆ. ಅದನ್ನು ನಿಲ್ಲಿಸಿದ್ದು ಡೆಲ್‌ನೇ! ಜೀವನವಿಡೀ ಜನರನ್ನು ಯಾಮಾರಿಸಿದ ಕೈ ಇಲ್ಲಿ ತಮ್ಮನ ಮನಸ್ಸು ಹಗುರಾಗಲೆಂದು ಯಾಮಾರಿಸಿತು. ಇದೇ ಕಂತಿನಲ್ಲಿ ಗ್ಯಾರೇಜಿನಲ್ಲಿ ಬಿದ್ದಿದ್ದ ಹಳೆಯ ಗಡಿಯಾರವೊಂದು 62 ಲಕ್ಷ ಪೌಂಡಿಗೆ ಹರಾಜಾಗಿ ಅವರು ನಿಜವಾಗಿ ಶ್ರೀಮಂತರಾಗುತ್ತಾರೆ. ಬ್ರಿಟನ್ನಿನಲ್ಲಿ ಇದನ್ನು 2 ಕೋಟಿ 43 ಲಕ್ಷ ಜನ ನೋಡಿದರು. ಅಲ್ಲಿಯ ಹಾಸ್ಯ ಧಾರಾವಾಹಿಗಳಲ್ಲಿ ಅದೇ ದಾಖಲೆ.

2003ರ ಕೊನೆಯ ಕಂತಿನಲ್ಲಿ ರಾಡ್ನಿಗೆ ಇನ್ನೊಂದು ಸತ್ಯ ತಿಳಿಯುತ್ತದೆ. ಅವನ ತಂದೆ ಬೇರೆಯವನು, ಅಂದರೆ ಇಬ್ಬರೂ ಒಂದೇ ತಾಯಿಯ ಮಕ್ಕಳು ಮಾತ್ರ. ಇದರಿಂದ ಸಂಬಂಧ ಬದಲಾಗುವುದಿಲ್ಲ. ತನಗೆ ಹುಟ್ಟಿದ ಮಗಳಿಗೆ ರಾಡ್ನಿ ಇಡುವ ಹೆಸರು ಜೋನ್. ಅಣ್ಣ ಇಷ್ಟು ವರ್ಷ ಮತ್ತೆ ಮತ್ತೆ ನೆನಪಿಸಿದ ಆ ತಾಯಿಯ ಹೆಸರು.

ಮೋಸಗಾರನನ್ನು ಮೆಚ್ಚಬಹುದೇ?

ನಿಮ್ಮಲ್ಲಿ ಕೆಲವರು ಈ ಪ್ರಶ್ನೆ ಕೇಳಿಯೇ ಕೇಳುತ್ತೀರಿ. ಡೆಲ್ ತೆರಿಗೆ ಕಟ್ಟುವುದಿಲ್ಲ, ಕೆಟ್ಟ ಮಾಲು ಮಾರುತ್ತಾನೆ, ಸುಳ್ಳು ಹೇಳುತ್ತಾನೆ. ಧಾರಾವಾಹಿಯಲ್ಲಿ ಕುಡಿತದ ದೃಶ್ಯಗಳೂ ಇಂದು ಯಾರೂ ಒಪ್ಪದ ಕೆಲವು ಮಾತುಗಳೂ ಇವೆ. ನನ್ನ ಉತ್ತರ ಇಷ್ಟೇ: ಒಂದು ಪಾತ್ರವನ್ನು ಅರ್ಥಮಾಡಿಕೊಳ್ಳುವುದು ಬೇರೆ, ಅದನ್ನು ಅನುಸರಿಸುವುದು ಬೇರೆ. ಅವನ ಮೋಸದ ವ್ಯಾಪಾರಗಳು ಹೆಚ್ಚಾಗಿ ಅವನ ಕೈಯನ್ನೇ ಸುಡುತ್ತವೆ ಎಂಬುದನ್ನೂ ನೋಡಿ. ಗೆದ್ದ ಮೋಸಗಾರನಿಗೆ ನಾವು ಹೀಗೆ ನಗಲಾರೆವು.

ಬರೆದವರ ಬಗ್ಗೆ ಒಂದು ಮಾತು

ಜಾನ್ ಸಲಿವನ್ (1946–2011) ದಕ್ಷಿಣ ಲಂಡನ್ನಿನ ಬ್ಯಾಲಂ ಎಂಬಲ್ಲಿ ಕೊಳಾಯಿ ಕೆಲಸದವರ ಮನೆಯಲ್ಲಿ ಹುಟ್ಟಿದರು. 15ನೇ ವಯಸ್ಸಿನಲ್ಲಿ ಯಾವ ಪ್ರಮಾಣಪತ್ರವೂ ಇಲ್ಲದೆ ಶಾಲೆ ಬಿಟ್ಟರು. ಆದರೆ ಡಿಕನ್ಸ್‌ನ ಕಾದಂಬರಿಗಳನ್ನು ಪಾತ್ರವಾಗಿ ಅಭಿನಯಿಸುತ್ತಾ ಓದಿ ಹೇಳುತ್ತಿದ್ದ ಒಬ್ಬ ಇಂಗ್ಲಿಷ್ ಮೇಷ್ಟ್ರು ಅವರಿಗೆ ಸಿಕ್ಕಿದ್ದರು. ಆ ರುಚಿ ಬಿಡಲಿಲ್ಲ. ಹಲವು ಕೆಲಸ ಮಾಡಿ ಕೊನೆಗೆ ಬಿಬಿಸಿಯಲ್ಲಿ ರಂಗಸಜ್ಜಿಕೆ ಸಾಗಿಸುವ ಕೆಲಸಕ್ಕೆ ಸೇರಿ, ಅಲ್ಲಿಂದ ಬರಹಗಾರರಾದರು. ಒಂದೇ ಕಂತಿನಲ್ಲಿ ನಗುವನ್ನೂ ದುಃಖವನ್ನೂ ಜೊತೆಗಿಡುವುದನ್ನು ಡಿಕನ್ಸ್‌ನ ಓದುಗರು ಸುಲಭವಾಗಿ ಗುರುತಿಸುತ್ತಾರೆ. ಅಜ್ಜನ ಪಾತ್ರ ಮಾಡುತ್ತಿದ್ದ ಲೆನಾರ್ಡ್ ಪಿಯರ್ಸ್ 1984ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಸಲಿವನ್ ಬೇರೊಬ್ಬ ನಟನನ್ನು ಆ ಪಾತ್ರಕ್ಕೆ ಹಾಕಲಿಲ್ಲ. ಅಜ್ಜನ ಅಂತ್ಯಕ್ರಿಯೆಯನ್ನೇ ಕಥೆಯೊಳಗೆ ತಂದು ಬರೆದರು.

ಈ ಪಾಠವನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಕೊಲ್ಲಿ ದೇಶದಲ್ಲೋ ದುಡಿಯುವ ಅಣ್ಣ, ಓದು ಬಿಟ್ಟು ಹೊಲಿಗೆಗೆ ಕೂತ ಅಕ್ಕ ನಿಮ್ಮಲ್ಲಿ ಅನೇಕರ ಶುಲ್ಕ ಕಟ್ಟುತ್ತಿದ್ದಾರೆ. ದ್ವಿತೀಯ ಪಿಯುಸಿ ಮುಗಿಯುವಾಗ ‘ಮುಂದೇನು?’ ಎಂಬ ಪ್ರಶ್ನೆ ಬರುತ್ತದೆ. ಅವರು ಹೇಳಿದ ಕೋರ್ಸೋ, ನಿಮ್ಮ ಮನಸ್ಸಿನದೋ? ರಾಡ್ನಿ ಅಣ್ಣನ ವ್ಯಾನಿನಿಂದ ಇಳಿದು ತನ್ನ ಕೆಲಸ ಹುಡುಕಿಕೊಂಡ, ಆದರೆ ಅಣ್ಣನನ್ನು ಬಿಡಲಿಲ್ಲ. ಮನೆಯವರೊಂದಿಗೆ ಕುಳಿತು ಮಾತನಾಡುವಾಗ ಅವರ ಋಣವನ್ನು ಮೊದಲು ಒಪ್ಪಿಕೊಳ್ಳಿ, ಆಮೇಲೆ ನಿಮ್ಮ ದಾರಿಯನ್ನು ಹೇಳಿ. ಎರಡನ್ನೂ ಒಟ್ಟಿಗೆ ಹೇಳಬಹುದು.

ಅಭ್ಯಾಸ

1. ಒಂದೇ ಕೋಣೆಯಲ್ಲಿ ಇರಲೇಬೇಕಾದ, ಸ್ವಭಾವ ಹೊಂದದ ಇಬ್ಬರ ಸಂಭಾಷಣೆಯನ್ನು ಒಂದು ಪುಟದಲ್ಲಿ ಬರೆಯಿರಿ. ಅವರು ಬಿಟ್ಟುಹೋಗಲಾಗದ ಕಾರಣ ಸ್ಪಷ್ಟವಾಗಿರಲಿ.

2. ನೀವು ನೋಡಿದ ಯಾವುದಾದರೂ ಹಾಸ್ಯ ದೃಶ್ಯವನ್ನು ತೆಗೆದುಕೊಳ್ಳಿ. ಪಾತ್ರಕ್ಕೆ ಗೊತ್ತಿಲ್ಲದ್ದು ನಿಮಗೆ ಗೊತ್ತಿತ್ತೇ, ಅಥವಾ ನಿಮಗೂ ಮುಚ್ಚಿಟ್ಟಿದ್ದರೇ? ಐದು ವಾಕ್ಯಗಳಲ್ಲಿ ವಿವರಿಸಿ.

3. ಮನೆಯ ಹಿರಿಯರೊಬ್ಬರನ್ನು ಅವರು 16ನೇ ವಯಸ್ಸಿನಲ್ಲಿ ಏನಾಗಬೇಕೆಂದಿದ್ದರು ಎಂದು ಕೇಳಿ. ಉತ್ತರವನ್ನು ಕನ್ನಡದಲ್ಲಿ ಬರೆದುಕೊಂಡು ಇಂಗ್ಲಿಷಿನಲ್ಲಿ ಮತ್ತೆ ಬರೆಯಿರಿ.

ಮೊದಲ ಎರಡನ್ನು ಇಂಗ್ಲಿಷ್ ವಿಭಾಗದಲ್ಲಿ ನನಗೆ ತಂದುಕೊಡಿ. ಮೂರನೆಯದು ನಿಮ್ಮ ಬಳಿಯೇ ಇರಲಿ.