ರಜೆಗೆ ಊರಿಗೆ ಬಂದ ಮಕ್ಕಳು: ನೀರು, ಬೆಂಕಿ, ಬಿಸಿಲಿನ ಅಪಾಯ ತಪ್ಪಿಸುವುದು ಹೀಗೆ

ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗಳು ಬಾಗಿಲು ಹಾಕುತ್ತವೆ. ಮೇ ಮುಗಿಯುವವರೆಗೆ ಮಕ್ಕಳು ಅಜ್ಜಿ ಮನೆಯಲ್ಲಿ, ಮಾವನ ತೋಟದಲ್ಲಿ. ತಾಲ್ಲೂಕು ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿಯಾಗಿರುವ ನನಗೆ, ಈ ದಿನಗಳಲ್ಲಿ ಮಕ್ಕಳನ್ನು ಯಾವ ಯಾವ ಕಾರಣಕ್ಕೆ ಎತ್ತಿಕೊಂಡು ಬರುತ್ತಾರೆ ಎನ್ನುವುದು ಮೊದಲೇ ಗೊತ್ತಿರುತ್ತದೆ. ನೀರಿಗೆ ಬಿದ್ದದ್ದು, ಸುಟ್ಟುಕೊಂಡದ್ದು, ಮಾವಿನ ಮರದಿಂದ ಜಾರಿದ್ದು, ಹಾವು, ನಾಯಿ, ಬಿಸಿಲು. ವರ್ಷ ಬದಲಾದರೂ ಪಟ್ಟಿ ಬದಲಾಗುವುದಿಲ್ಲ. ಸುಟ್ಟ ಗಾಯದ ಮೇಲೆ ಮೆತ್ತಿಕೊಂಡು ಬಂದ ಪೇಸ್ಟು, ಹಾವು ಕಚ್ಚಿದ ಕಾಲಿಗೆ ಬಿಗಿದುಕೊಂಡು ಬಂದ ಹಗ್ಗ ಕೂಡ ಬದಲಾಗುವುದಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕೃಷಿ ಹೊಂಡ ಕೆರೆಯಂತಲ್ಲ

ಎಲ್ಲಕ್ಕಿಂತ ಮೊದಲು ನೀರಿನ ಮಾತು. ಉಳಿದ ಅವಘಡಗಳಲ್ಲಿ ಆಸ್ಪತ್ರೆ ತಲುಪಲು ಸಮಯ ಸಿಗುತ್ತದೆ, ಇದರಲ್ಲಿ ಕೆಲವೇ ನಿಮಿಷ.

ಹೊಂಡ ತೋಡಲು ಸರ್ಕಾರ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಾದವು. ಮಳೆ ನಂಬಿದ ರೈತನಿಗೆ ಅದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಆಕಾರ ನೋಡಿ. ಸುಮಾರು 3 ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಇಳಿಜಾರಿನ ಮೇಲೆ ನೀರು ಇಂಗದಿರಲೆಂದು ಹಾಸಿದ ಪಾಲಿಥೀನ್ ಹಾಳೆ. ಕೆರೆಯ ದಡದಲ್ಲಿ ಮಣ್ಣು ಸಿಗುತ್ತದೆ, ಹುಲ್ಲಿನ ಬುಡ ಸಿಗುತ್ತದೆ, ಕಾಲೂರಲು ಕಲ್ಲು ಸಿಗುತ್ತದೆ. ಹೊಂಡದಲ್ಲಿ ಏನೂ ಸಿಗುವುದಿಲ್ಲ. ಹಾಳೆಯ ಮೇಲೆ ತೆಳ್ಳಗೆ ಪಾಚಿ ಕಟ್ಟಿದರೆ ಬರಿಗಾಲು ಕೂಡ ನಿಲ್ಲದು. ಒಂದು ಹೆಜ್ಜೆ ಮೇಲಿಟ್ಟರೆ ಎರಡು ಹೆಜ್ಜೆ ಕೆಳಗೆ ಜಾರುತ್ತದೆ. ಈಜು ಬಲ್ಲ ಗಟ್ಟಿಮುಟ್ಟಾದ ಯುವಕರೂ ಇದನ್ನು ಹತ್ತಲಾಗದೆ ಸುಸ್ತಾಗಿ ಮುಳುಗಿದ್ದಾರೆ. ಬೇಸಿಗೆಯಲ್ಲಿ ನೀರು ತಳ ಕಂಡಿದೆ, ಇನ್ನೇನು ಭಯವಿಲ್ಲ ಎನ್ನುವವರಿದ್ದಾರೆ. ನೀರು ಇಳಿದಷ್ಟೂ ಹತ್ತಬೇಕಾದ ಜಾರು ಹಾಳೆ ಉದ್ದವಾಗುತ್ತದೆ ಎನ್ನುವುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೊಂಡ ನಿಮ್ಮದಾಗಿದ್ದರೆ ಈ ವಾರವೇ ಮಾಡಬೇಕಾದ ಕೆಲಸಗಳಿವು.

ಸುತ್ತ ಬೇಲಿ ಹಾಕಿ. ಎರಡು ಎಳೆ ಮುಳ್ಳುತಂತಿ ದನ ತಡೆಯುತ್ತದೆ, ಮಗುವನ್ನು ತಡೆಯುವುದಿಲ್ಲ, ಅದು ಕೆಳಗಿನಿಂದ ನುಸುಳುತ್ತದೆ. ನೆಲದವರೆಗೆ ಬರುವ ಜಾಲರಿ ಬೇಕು, ಗೇಟಿಗೆ ಬೀಗ ಬೇಕು.

ನಾಲ್ಕೂ ದಡದ ಮೇಲೆ ಒಂದೊಂದು ಗಟ್ಟಿ ಗೂಟ ಹೊಡೆಯಿರಿ. ಪ್ರತಿ ಗೂಟಕ್ಕೂ ದಪ್ಪ ನೈಲಾನ್ ಹಗ್ಗ ಕಟ್ಟಿ ನೀರಿನವರೆಗೆ ಇಳಿಬಿಡಿ. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ. ಗಂಟಿಲ್ಲದ ಹಗ್ಗ ಒದ್ದೆ ಕೈಯಲ್ಲಿ ನಿಲ್ಲದು, ಇದನ್ನು ಬಹಳ ಜನ ಮರೆಯುತ್ತಾರೆ. ದಡದಲ್ಲಿ ಗಾಳಿ ತುಂಬಿದ ಹಳೆಯ ಲಾರಿ ಟ್ಯೂಬೊಂದನ್ನು ಉದ್ದ ಹಗ್ಗ ಕಟ್ಟಿ ಇಡಿ. ಬಿಸಿಲಿಗೆ ಹಗ್ಗ ಪುಡಿಯಾಗುತ್ತದೆ, ಟ್ಯೂಬಿನ ಗಾಳಿ ಇಳಿಯುತ್ತದೆ, ಆಗಾಗ ಎಳೆದು, ಒತ್ತಿ ನೋಡಿ. ಒಂದು ಹೊಂಡ ತೋಡಿಸುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಬೇಲಿಯಿಲ್ಲದ ಹೊಂಡಕ್ಕೆ ಸಹಾಯಧನದ ಕೊನೆಯ ಕಂತನ್ನೇ ಕೊಡಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯ ಮಗು

ಇನ್ನು ನನ್ನನ್ನು ಬಹಳ ಕಾಡುವ ವಿಷಯ. ಇಂಥ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಗಮನಿಸಿ, ಎಷ್ಟೋ ಸಲ ತೀರಿಕೊಂಡ ಮಗು ಒಂದಾಗಿರುವುದಿಲ್ಲ. ಅಣ್ಣ ತಮ್ಮ, ಅಕ್ಕ ತಂಗಿ, ಚಿಕ್ಕಪ್ಪನ ಮಗ, ಕೆಲವೊಮ್ಮೆ ಬಟ್ಟೆ ಒಗೆಯಲು ಹೋದ ತಾಯಿಯೂ ಸೇರಿರುತ್ತಾಳೆ. ಮೊದಲ ಮಗು ಕಾಲು ಜಾರಿ ಬಿದ್ದಿರುತ್ತದೆ. ಎರಡನೆಯದು ಕೈ ಕೊಡಲು ಹೋಗಿರುತ್ತದೆ. ಮುಳುಗುತ್ತಿರುವವರು ಸಿಕ್ಕಿದ್ದನ್ನು ಅಪ್ಪಿ ಹಿಡಿಯುತ್ತಾರೆ, ಬಿಡುವುದಿಲ್ಲ. ಹತ್ತು ವರ್ಷದ ಅಕ್ಕ ಆರು ವರ್ಷದ ತಮ್ಮನ ಹಿಡಿತದಿಂದ ಬಿಡಿಸಿಕೊಳ್ಳಲಾರಳು.

ನಾವು ಮಕ್ಕಳಿಗೆ 'ನೀರಿಗೆ ಹೋಗಬೇಡ' ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಹೋದಾಗ, ಒಬ್ಬ ಬಿದ್ದಾಗ, ಉಳಿದವರು ಏನು ಮಾಡಬೇಕೆಂದು ಹೇಳಿಕೊಡುವುದಿಲ್ಲ. ಬೈಗುಳದ ಹೆದರಿಕೆಗೆ ಉಳಿದ ಮಕ್ಕಳು ಮನೆಗೆ ಬಂದು ಬಾಯಿ ಮುಚ್ಚಿ ಕೂತದ್ದೂ ಉಂಟು. ಆದ್ದರಿಂದ ರಜೆಯ ಮೊದಲ ದಿನವೇ ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಮೂರು ಮಾತು ಬಾಯಿಪಾಠ ಮಾಡಿಸಿ: ಕೂಗು, ಎಸೆ, ಇಳಿಯಬೇಡ.

ಮೊದಲು ಗಂಟಲು ಹರಿಯುವಂತೆ ಕೂಗಬೇಕು. ಗುಂಪಿನಲ್ಲಿ ಹೆಚ್ಚು ಮಕ್ಕಳಿದ್ದರೆ ಒಬ್ಬ ದೊಡ್ಡವರ ಕಡೆ ಓಡಬೇಕು. ಯಾರು ಕರೆದರೂ ಬೈಯುವುದಿಲ್ಲ ಎಂದು ಈಗಲೇ ಮಾತು ಕೊಡಿ. ಆಮೇಲೆ ಎಸೆಯಬೇಕು. ಸೀರೆ, ಪಂಚೆ, ದುಪಟ್ಟಾ, ಹಗ್ಗ, ಉದ್ದ ಕೋಲು, ಮುಚ್ಚಳ ಹಾಕಿದ ಖಾಲಿ ಕ್ಯಾನು, ಏನಾದರೂ ಸರಿ. ಎಳೆಯುವವರು ನಿಂತು ಎಳೆಯಬಾರದು, ದಡದಾಚೆ ನೆಲದ ಮೇಲೆ ಬೋರಲು ಮಲಗಿ ಎಳೆಯಬೇಕು, ಇಲ್ಲವಾದರೆ ಭಾರಕ್ಕೆ ತಾವೇ ಒಳಗೆ ಹೋಗುತ್ತಾರೆ. ಹಿಂದಿನಿಂದ ಇನ್ನೊಬ್ಬರು ಕಾಲು ಹಿಡಿದುಕೊಳ್ಳಲಿ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಅಂಗಳದಲ್ಲಿ ಹಳೆಯ ಸೀರೆ ಕೊಟ್ಟು ಆಟ ಆಡಿಸಿ. ಮಕ್ಕಳು ಒಂದೇ ಸಂಜೆಯಲ್ಲಿ ಕಲಿತುಬಿಡುತ್ತಾರೆ.

ನೀರಲ್ಲಿ ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ಕಿರುಚುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರಿಗೇ ಗತಿಯಿಲ್ಲ, ಕೂಗು ಎಲ್ಲಿಂದ ಬರಬೇಕು? ಸದ್ದಿಲ್ಲದೆ ಹೋಗಿಬಿಡುತ್ತಾರೆ. ಆದ್ದರಿಂದ ಮಕ್ಕಳು ನೀರಲ್ಲಿರುವಾಗ ಕಾಯುವವರು ಮೊಬೈಲ್ ನೋಡುತ್ತಾ ಕೂರಬಾರದು.

ಈಜು ಕಲಿಸಿ, ಖಂಡಿತ ಕಲಿಸಿ. ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಕ್ಯಾನನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಬಾವಿಗೆ ಇಳಿಸುವುದು ನಮ್ಮ ಊರುಗಳ ಹಳೆಯ ಪಾಠ. ಅದು ತಪ್ಪಲ್ಲ. ಆದರೆ ಈಜು ಬಲ್ಲ ದೊಡ್ಡವರೊಬ್ಬರು ಮಗುವಿನ ಜೊತೆ ನೀರಲ್ಲೇ ಇರಬೇಕು, ಮೇಲೆ ಹಗ್ಗ ಹಿಡಿದು ಹರಟುತ್ತಾ ನಿಲ್ಲುವುದಲ್ಲ. ಕ್ಯಾನಿನ ಮುಚ್ಚಳ ಸಡಿಲವಿದ್ದರೆ ಅದರೊಳಗೆ ನೀರು ತುಂಬುತ್ತದೆ.

ಮೇಲೆ ತಂದ ಕೂಡಲೇ ಹೀಗೆ ಮಾಡಿ. ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ತಲೆಕೆಳಗು ಮಾಡಿ ತಿರುಗಿಸಬೇಡಿ, ಹೆಗಲ ಮೇಲೆ ಹಾಕಿಕೊಂಡು ಓಡಬೇಡಿ, ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಹೊಟ್ಟೆಯಿಂದ ಬಂದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಅಮೂಲ್ಯ ನಿಮಿಷವೂ ಹೋಗುತ್ತದೆ. ಉಸಿರಾಟ ಇಲ್ಲದಿದ್ದರೆ ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಎರಡರಿಂದ ಐದು ಸಲ ಉಸಿರು ಊದಿ. ನಂತರ ಎದೆಯ ನಡುವೆ ಅಂಗೈ ಇಟ್ಟು, ಎದೆಯ ಮೂರನೇ ಒಂದು ಭಾಗ ಕುಗ್ಗುವಷ್ಟು 30 ಸಲ ಒತ್ತಿ. ನಿಮಿಷಕ್ಕೆ 100ರಿಂದ 120ರ ವೇಗ ಇರಲಿ. ಮತ್ತೆ 2 ಉಸಿರು, ಮತ್ತೆ 30 ಒತ್ತು. 108 ಆಂಬ್ಯುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಮಗು ಕೆಮ್ಮಿ ಎದ್ದು ಕೂತರೂ ಆಸ್ಪತ್ರೆಗೆ ಕರೆತನ್ನಿ, ಕೆಲವು ಗಂಟೆಗಳ ನಂತರ ಉಸಿರಾಟ ಕೆಡಬಹುದು.

ಪಟ್ಟಣದವರು ಇದು ತಮಗಲ್ಲ ಎಂದುಕೊಳ್ಳಬೇಡಿ. ಮನೆಮುಂದಿನ ಸಂಪಿನ ಮುಚ್ಚಳ, ಬಚ್ಚಲಲ್ಲಿ ತುಂಬಿಟ್ಟ ಬಕೆಟ್ಟು ನೋಡಿಕೊಳ್ಳಿ. ಅಂಬೆಗಾಲಿಡುವ ಮಗು ತಲೆಕೆಳಗಾಗಿ ಬಿದ್ದರೆ ಗೇಣು ನೀರೂ ಹೆಚ್ಚೇ.

ಸುಟ್ಟಾಗ ನೀರು, ನೀರು, ನೀರು

ಬೇಸಿಗೆಯಲ್ಲಿ ಸಂಡಿಗೆ, ಹಪ್ಪಳದ ಹಿಟ್ಟು ಕುದಿಯುತ್ತಿರುತ್ತದೆ, ನೆಂಟರಿಗಾಗಿ ದೊಡ್ಡ ಪಾತ್ರೆಗಳು ಒಲೆಯೇರುತ್ತವೆ, ಮಕ್ಕಳು ಅಡುಗೆಮನೆಯಲ್ಲೇ ಸುತ್ತುತ್ತಾರೆ. ಕುದಿಯುವ ಪಾತ್ರೆಯನ್ನು ನೆಲಕ್ಕೆ ಇಳಿಸಿಡಬೇಡಿ. ಬೈಕಿನ ಸೈಲೆನ್ಸರ್ ತಗುಲಿ ಮೀನಖಂಡ ಸುಟ್ಟುಕೊಳ್ಳುವುದಂತೂ ದಿನನಿತ್ಯದ ಕತೆ. ಬಹುಪಾಲು ಬೈಕುಗಳಲ್ಲಿ ಸೈಲೆನ್ಸರ್ ಬಲಗಡೆ ಇರುತ್ತದೆ. 'ಎಡಗಡೆಯಿಂದ ಹತ್ತು, ಎಡಗಡೆಯಿಂದಲೇ ಇಳಿ' ಎಂದು ಅಭ್ಯಾಸ ಮಾಡಿಸಿದರೆ ಇದು ಮುಗಿಯಿತು.

ಸುಟ್ಟ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಎರಡು ನಿಮಿಷಕ್ಕೆ ಮಗು ಅತ್ತಿತೆಂದು ನಿಲ್ಲಿಸುತ್ತೀರಿ, ಅದು ಸಾಲದು. ಚರ್ಮದೊಳಗೆ ಉಳಿದ ಶಾಖ ಇಳಿಯಲು ಅಷ್ಟು ಹೊತ್ತು ಬೇಕು. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಸುರಿಯುತ್ತಿರಿ. ದೊಡ್ಡ ಗಾಯವಾಗಿದ್ದರೆ ಉಳಿದ ಮೈ ಬೆಚ್ಚಗಿರಲಿ, ಮಕ್ಕಳಿಗೆ ಬೇಗ ಚಳಿ ಹತ್ತುತ್ತದೆ. ಬಳೆ, ಉಂಗುರ, ಕಾಲ್ಗೆಜ್ಜೆ, ಉಡಿದಾರಗಳನ್ನು ಊತ ಬರುವ ಮೊದಲೇ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬೇಡಿ. ಗುಳ್ಳೆ ಒಡೆಯಬೇಡಿ. ಶುಚಿಯಾದ ಹತ್ತಿ ಬಟ್ಟೆ ಹೊದಿಸಿ ಹೊರಡಿ.

ಟೂತ್‌ಪೇಸ್ಟ್, ಶಾಯಿ, ಅರಿಶಿನ, ತುಪ್ಪ, ಕೊಬ್ಬರಿ ಎಣ್ಣೆ, ಐಸು ಯಾವುದೂ ಬೇಡ. ಒಣಗಿ ಗಟ್ಟಿಯಾದ ಪೇಸ್ಟನ್ನು ನಾವು ಮಗುವಿನ ಕೈಯಿಂದ ಉಜ್ಜಿ ತೆಗೆಯಬೇಕಾಗುತ್ತದೆ. ಅದರ ಜೊತೆ ಚರ್ಮದ ಪದರವೂ ಎದ್ದು ಬರುತ್ತದೆ. ಸುಟ್ಟಾಗಿನ ನೋವಿಗಿಂತ ಆ ಹೊತ್ತಿನ ಅಳು ಜೋರಾಗಿರುತ್ತದೆ. ಪ್ರೀತಿಯಿಂದಲೇ ಹಚ್ಚಿರುತ್ತೀರಿ, ಗೊತ್ತು. ಆದರೂ ಹಚ್ಚಬೇಡಿ.

ಬಿಸಿಲು ಮತ್ತು ಓಆರ್‌ಎಸ್

ಕಲಬುರಗಿ, ರಾಯಚೂರಿನ ಕಡೆ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಕ್ರಿಕೆಟ್ ಬೇಡ. ಬಾಯಾರಿಕೆ ಆಗುವ ಮೊದಲೇ ನೀರು, ಮಜ್ಜಿಗೆ, ಪಾನಕ ಕೊಡಿ. ಮೈ ಕೆಂಡದಂತಾಗಿ ಮಗು ತೊದಲಿದರೆ, ತೂರಾಡಿದರೆ, ಮಂಪರಿಗೆ ಜಾರಿದರೆ ಅದು ಬಿಸಿಲಾಘಾತ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈತುಂಬ ನೀರು ಹಾಕುತ್ತಾ ಗಾಳಿ ಬೀಸಿ, ಹಾಗೆಯೇ ಆಸ್ಪತ್ರೆಗೆ ಹೊರಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಪ್ರಜ್ಞೆಯಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಬಿಸಿಲಿಗೆ ಬೆವರಿ ಬಳಲಿದ ಮಗುವಿಗೆ ಓಆರ್‌ಎಸ್ ಕೊಡಿ. ಪೊಟ್ಟಣ ಒಂದು ಲೀಟರಿನದಾಗಿದ್ದರೆ ಇಡೀ ಪುಡಿಯನ್ನು ಒಂದು ಲೀಟರ್ ನೀರಿಗೇ ಹಾಕಿ. ಲೋಟಕ್ಕೆ ಚಮಚ ಲೆಕ್ಕದಲ್ಲಿ ಕಲಸಿದರೆ ಉಪ್ಪಿನಂಶ ಹೆಚ್ಚುಕಡಿಮೆಯಾಗುತ್ತದೆ, ಹೆಚ್ಚಾದರೆ ಮಗುವಿಗೆ ಅಪಾಯ. 24 ಗಂಟೆಯಲ್ಲಿ ಮುಗಿಯದಿದ್ದರೆ ಚೆಲ್ಲಿ. ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯದ ಡಬ್ಬಿ ಓಆರ್‌ಎಸ್ ಅಲ್ಲ. ಅಂಥ ಪಾನೀಯಗಳಿಗೆ ಆ ಹೆಸರು ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರುವುದನ್ನು ಔಷಧ ಅಂಗಡಿಯಲ್ಲಿ ಕೇಳಿ ತನ್ನಿ. ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತದೆ.

ಹಾವು, ನಾಯಿ, ಮರ

ಸೆಕೆಗೆ ನೆಲದ ಮೇಲೆ, ಜಗಲಿಯಲ್ಲಿ ಮಲಗುವ ಮಕ್ಕಳಿಗೆ ಕಟ್ಟುಹಾವಿನ ಭಯ. ರಾತ್ರಿ ಓಡಾಡುವ ಹಾವು ಇದು. ಎಷ್ಟೋ ಸಲ ಕಚ್ಚಿದ ಜಾಗದಲ್ಲಿ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಮಗು ಹೊಟ್ಟೆನೋವು ಎಂದರೆ, ರೆಪ್ಪೆ ಎತ್ತಲಾಗದಿದ್ದರೆ ಅಜೀರ್ಣವೆಂದು ಕೂರಬೇಡಿ. ಮಂಚ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ, ಕೈಯಲ್ಲೊಂದು ಟಾರ್ಚು ಇದ್ದರೆ ಅಪಾಯ ಬಹಳ ಕಡಿಮೆ. ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಹಾವು ಹುಡುಕಬೇಡಿ. ಕೈಕಾಲು ಅಲುಗಾಡದಂತೆ ಮಲಗಿಸಿ ಆಸ್ಪತ್ರೆಗೆ ತನ್ನಿ. ನಾಟಿ ಔಷಧಿಗೆ ಹೋಗಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ನಾಯಿ ಕಚ್ಚಿದರೆ, ಪರಚಿದರೂ, ನಲ್ಲಿ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಕಾಫಿಪುಡಿ ಬೇಡ. ಅದೇ ದಿನ ಲಸಿಕೆ ಹಾಕಿಸಿ, ಉಳಿದ ದಿನಾಂಕಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ರಜೆ ಮುಗಿದು ಊರು ಬಿಟ್ಟರೆ ಉಳಿದ ಚುಚ್ಚುಮದ್ದನ್ನು ನಿಮ್ಮೂರಲ್ಲಿ ಹಾಕಿಸಬಹುದು, ಬಿಡಬೇಡಿ.

ಮರದಿಂದ ಬಿದ್ದ ಮಗುವನ್ನು ಕೈಕಾಲು ಹಿಡಿದು ಎತ್ತಬೇಡಿ. ಕತ್ತು ಅಲುಗದಂತೆ ಹಿಡಿದು, ಹಲಗೆಯ ಮೇಲೆ ಮಲಗಿಸಿ. ತಲೆಗೆ ಪೆಟ್ಟಾಗಿ ಒಮ್ಮೆ ವಾಂತಿಯಾದರೂ ತೋರಿಸಿ.

108ಕ್ಕೆ ಕರೆ ಮಾಡಿದಾಗ ಜಿಲ್ಲೆ, ತಾಲ್ಲೂಕು, ಊರು, ಹತ್ತಿರದ ಗುಡಿ ಅಥವಾ ಶಾಲೆಯ ಹೆಸರು ಕೇಳುತ್ತಾರೆ. ರಜೆಗೆ ಬಂದ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ, ಕೆಳಗೆ ಪಕ್ಕದ ಮನೆಯವರ ಫೋನ್ ನಂಬರ್ ಇರಲಿ.